ಚಾನೆಲ್ಲಿನ ಹೆಸರು, ಲೀಗಿನ ಬೀಗದಕೈ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಐಪಿಎಲ್‌ನಲ್ಲಿ ಟೂರ್ನಿಯ ಹೆಸರಿನ ಜೊತೆ ತಮ್ಮ ಹೆಸರು ಸೇರಬೇಕೆಂದು ಕಂಪನಿಗಳು ಹಣ ಕೊಡುತ್ತವೆ. ಅಮೆರಿಕದಲ್ಲಿರುವ ಅಣ್ಣನ ಮನೆಯಲ್ಲಿ ‘ಇಎಸ್‌ಪಿಎನ್ ಎನ್‌ಎಫ್‌ಎಲ್ 2ಕೆ5’ ಎಂಬ ಹಳೆಯ ಅಮೆರಿಕನ್ ಫುಟ್‌ಬಾಲ್ ವಿಡಿಯೋ ಗೇಮ್ ನೋಡಿದೆ. ಅದಕ್ಕೂ ಇಎಸ್‌ಪಿಎನ್ ಚಾನೆಲ್ ಹೀಗೆಯೇ ಪ್ರಾಯೋಜಕನಾಗಿತ್ತೇ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಇಲ್ಲ. ಅಲ್ಲಿ ವ್ಯವಹಾರ ನಡೆದದ್ದು ಎದುರು ದಿಕ್ಕಿನಲ್ಲಿ. ಚಾನೆಲ್ಲಿನ ಹೆಸರು, ಲಾಂಛನ, ಸಂಗೀತ ಮತ್ತು ನಿರೂಪಕರ ಮುಖವನ್ನು ಬಳಸಿಕೊಳ್ಳಲು ಗೇಮ್ ಕಂಪನಿಯೇ ಚಾನೆಲ್ಲಿನಿಂದ ಪರವಾನಗಿ ಪಡೆಯುತ್ತದೆ. ಆ ಗೇಮನ್ನು ಹೊರತಂದ ಸೆಗಾ ಕಂಪನಿ ಚಾನೆಲ್ಲಿನ ಹೆಸರಿಗಾಗಿ ಏಕೆ ಹೋಯಿತು ಎಂಬುದನ್ನು ತಿಳಿಯಲು ಅದರ ಎದುರಾಳಿಯನ್ನು ನೋಡಬೇಕು. ಇಎ (ಎಲೆಕ್ಟ್ರಾನಿಕ್ ಆರ್ಟ್ಸ್) ಕಂಪನಿಯ ಫುಟ್‌ಬಾಲ್ ಗೇಮ್ 1988ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂದಾಗಿನಿಂದಲೂ ಜಾನ್ ಮ್ಯಾಡನ್ ಅವರ ಹೆಸರನ್ನು ಹೊತ್ತಿದೆ. ಅವರು ಓಕ್‌ಲೆಂಡ್ ರೈಡರ್ಸ್ ತಂಡವನ್ನು ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಫೈನಲ್ಲಾದ ಸೂಪರ್ ಬೌಲ್ ಗೆಲ್ಲಿಸಿದ ಕೋಚ್. ಆದರೆ ಮನೆಮನೆಗೆ ಪರಿಚಿತರಾದದ್ದು ಟಿವಿ ವೀಕ್ಷಕ ವಿವರಣೆಕಾರರಾಗಿ. ಅಂದರೆ ಇಎ ಬಳಿ ಮೊದಲಿನಿಂದಲೇ ಟಿವಿಯ ದೊಡ್ಡ ದನಿಯೊಂದಿತ್ತು. 1999ರಲ್ಲಿ ಡ್ರೀಮ್‌ಕಾಸ್ಟ್ ಎಂಬ ತನ್ನ ಗೇಮ್ ಯಂತ್ರದ ಜೊತೆ ಎನ್‌ಎಫ್‌ಎಲ್ 2ಕೆ ಸರಣಿಯನ್ನು ಆರಂಭಿಸಿದ ಸೆಗಾಗೆ ಅಂಥ ದನಿ ಇರಲಿಲ್ಲ. 2002ರ ಆವೃತ್ತಿಯಿಂದ ಅದು ಇಎಸ್‌ಪಿಎನ್ ಹೆಸರನ್ನು ತಂದುಕೊಂಡು ಆ ಕೊರತೆಯನ್ನು ತುಂಬಿಕೊಂಡಿತು.

ಅದು ಬರೀ ಡಬ್ಬಿಯ ಮೇಲಿನ ಲಾಂಛನವಾಗಿ ಉಳಿಯಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಅಣ್ಣನ ಮನೆಗೆ ಮತ್ತೆ ಹೋದರೆ 2ಕೆ5ರ ಒಂದು ಪಂದ್ಯವನ್ನು ಅರ್ಧದವರೆಗಾದರೂ ಆಡಿ ನೋಡಿ. ವಿರಾಮ ಬಂದೊಡನೆ ಮೈದಾನ ಮರೆಯಾಗಿ ಸ್ಟುಡಿಯೋ ಕಾಣಿಸುತ್ತದೆ. ನಿರೂಪಕ ಕ್ರಿಸ್ ಬರ್ಮನ್ ಅವರ ಗಣಕರೂಪ, ಅವರದೇ ದನಿಯಲ್ಲಿ, ಈಗಷ್ಟೇ ನೀವು ಆಡಿದ ಪಂದ್ಯದ ದೃಶ್ಯಗಳನ್ನು ಆಯ್ದು ತೋರಿಸುತ್ತಾ ಮಾತನಾಡತೊಡಗುತ್ತದೆ. ಒಂದೇ ಕ್ಷಣದ ಹಿಂದೆ ನೀವು ಎಸೆದ ಪಾಸ್ ಟಿವಿಯ ಸುದ್ದಿಯಾಗಿ ಮರಳಿ ಬರುತ್ತದೆ. ಚಾನೆಲ್ಲಿನ ಹೆಸರನ್ನು ಇಷ್ಟು ಅರ್ಥಪೂರ್ಣವಾಗಿ ಬಳಸಿಕೊಂಡ ಕ್ರೀಡಾ ಗೇಮ್‌ಗಳು ತೀರಾ ಕಡಿಮೆ ಎಂದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ಅಷ್ಟು ಚೆನ್ನಾಗಿದ್ದ ಸರಣಿ ಮರುವರ್ಷವೇ ಏಕೆ ನಿಂತುಹೋಯಿತು? ಆಟಗಾರರ ಹೆಸರಿಲ್ಲದೆಯಾದರೂ ಮುಂದುವರಿಸಬಹುದಿತ್ತಲ್ಲವೇ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: 2004ರ ಜುಲೈನಲ್ಲಿ ಸೆಗಾ ಮತ್ತು ಅದರ ಪಾಲುದಾರ ಟೇಕ್-ಟು ಕಂಪನಿಗಳು 2ಕೆ5 ಗೇಮನ್ನು ಕೇವಲ 20 ಡಾಲರ್ ಆಸುಪಾಸಿನ ಬೆಲೆಗೆ ಮಾರುಕಟ್ಟೆಗೆ ಬಿಟ್ಟವು. ಮರುತಿಂಗಳು ಬಂದ ಮ್ಯಾಡನ್ ಗೇಮಿನ ಬೆಲೆ ಸುಮಾರು 50 ಡಾಲರ್ ಇತ್ತು. ಕೆಲವೇ ತಿಂಗಳಲ್ಲಿ ಇಎ ಅದನ್ನು ಸುಮಾರು 30 ಡಾಲರಿಗೆ ಇಳಿಸಬೇಕಾಯಿತು. ಅದೇ ಡಿಸೆಂಬರಿನಲ್ಲಿ ಇಎ ಕಂಪನಿಯು ಎನ್‌ಎಫ್‌ಎಲ್ ಮತ್ತು ಆಟಗಾರರ ಸಂಘದ ಜೊತೆ ಐದು ವರ್ಷಗಳ ಏಕಸ್ವಾಮ್ಯ ಒಪ್ಪಂದ ಮಾಡಿಕೊಂಡಿತು. ಜನವರಿಯಲ್ಲಿ ಇಎಸ್‌ಪಿಎನ್ ಜೊತೆಗೂ 15 ವರ್ಷಗಳ ಒಪ್ಪಂದವನ್ನು ಪ್ರಕಟಿಸಿತು. ಅದೇ ತಿಂಗಳು ಸೆಗಾ 2ಕೆ ಗೇಮ್‌ಗಳನ್ನು ತಯಾರಿಸುತ್ತಿದ್ದ ತನ್ನ ವಿಷುವಲ್ ಕಾನ್ಸೆಪ್ಟ್ಸ್ ಸ್ಟುಡಿಯೋವನ್ನು ಟೇಕ್-ಟುಗೆ ಮಾರಿತು. ಹೀಗೆ ಎರಡು ತಿಂಗಳೊಳಗೆ 2ಕೆ ಸರಣಿ ತಂಡಗಳನ್ನೂ ಆಟಗಾರರನ್ನೂ ಚಾನೆಲ್ಲನ್ನೂ ಕಳೆದುಕೊಂಡಿತು.

ನಿಮ್ಮ ಎರಡನೆಯ ಮಾತು ಮುಖ್ಯವಾದದ್ದು. ಫುಟ್‌ಬಾಲ್ ಗೇಮಿಗೆ ಬೇಕಾದ ಅನುಮತಿ ಒಂದಲ್ಲ, ಎರಡು. ತಂಡದ ಹೆಸರು, ಲಾಂಛನ, ಸಮವಸ್ತ್ರಗಳ ಹಕ್ಕು ಲೀಗಿನದು. ಆಟಗಾರರ ಹೆಸರು ಮತ್ತು ಚಹರೆಯನ್ನು ಒಟ್ಟಾಗಿ ಕೊಡುವ ಹಕ್ಕು ಅವರ ಸಂಘದ್ದು. 1989ರ ಟೆಕ್ಮೋ ಬೌಲ್ ಗೇಮಿಗೆ ಎರಡನೆಯದು ಮಾತ್ರ ಸಿಕ್ಕಿತ್ತು, ಹಾಗಾಗಿ ಅದರಲ್ಲಿ ನಿಜವಾದ ಆಟಗಾರರಿದ್ದರೂ ತಂಡಗಳಿಗೆ ಊರಿನ ಹೆಸರಷ್ಟೇ ಇತ್ತು. 1991ರ ಟೆಕ್ಮೋ ಸೂಪರ್ ಬೌಲ್‌ಗೆ ಎರಡೂ ದೊರೆತವು. ಆದರೆ ಬಫಲೋ ಬಿಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಮುಖ್ಯ ಆಟಗಾರ, ಚಿಕ್ಕದಾಗಿ ‘ಕ್ಯೂಬಿ’) ಜಿಮ್ ಕೆಲ್ಲಿ ಸಂಘದ ಆ ಒಪ್ಪಂದದಲ್ಲಿ ಇರಲಿಲ್ಲವಾದ್ದರಿಂದ ಅವರ ಜಾಗದಲ್ಲಿ ‘ಕ್ಯೂಬಿ ಬಿಲ್ಸ್’ ಎಂಬ ಹೆಸರಿಲ್ಲದ ಆಟಗಾರ ಚೆಂಡು ಎಸೆಯುತ್ತಾನೆ. ಅಭಿಮಾನಿಗೆ ಅದು ಎಷ್ಟು ಪೇಲವವಾಗಿ ಕಾಣುತ್ತದೆಂದು ಹೇಳಬೇಕಿಲ್ಲ. ಟೇಕ್-ಟು 2007ರಲ್ಲಿ ‘ಆಲ್-ಪ್ರೊ ಫುಟ್‌ಬಾಲ್ 2ಕೆ8’ ಮೂಲಕ ನೀವು ಹೇಳಿದಂಥ ದಾರಿಯನ್ನೇ ಹಿಡಿಯಿತು: ನಿವೃತ್ತ ದಿಗ್ಗಜರನ್ನು ಒಬ್ಬೊಬ್ಬರಾಗಿ ಒಪ್ಪಿಸಿ, ಕಾಲ್ಪನಿಕ ತಂಡಗಳಲ್ಲಿ ಆಡಿಸಿತು. ಆಟ ಸೊಗಸಾಗಿತ್ತು, ಆದರೆ ಅದಕ್ಕೆ ಮುಂದಿನ ಆವೃತ್ತಿ ಬರಲಿಲ್ಲ. ತನ್ನ ಊರಿನ ತಂಡವೇ ಇಲ್ಲದ ಫುಟ್‌ಬಾಲನ್ನು ಪ್ರತಿವರ್ಷ ಕೊಳ್ಳಲು ಜನ ಸಿದ್ಧರಿರಲಿಲ್ಲ.

ಪ್ರಶ್ನೆ: ಸ್ಪರ್ಧೆಯನ್ನೇ ಮುಗಿಸುವ ಇಂಥ ಒಪ್ಪಂದದ ವಿರುದ್ಧ ಯಾರೂ ನ್ಯಾಯಾಲಯಕ್ಕೆ ಹೋಗಲಿಲ್ಲವೇ? (ಕನ್ನಡಿಗರೊಬ್ಬರು, ಡಲ್ಲಾಸ್)

ಉತ್ತರ: ಹೋದರು. ಸ್ಪರ್ಧೆ ಇಲ್ಲವಾದ್ದರಿಂದ ನಾವು ಹೆಚ್ಚು ಬೆಲೆ ತೆರಬೇಕಾಯಿತು ಎಂದು ಗ್ರಾಹಕರು 2008ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಇಎ ವಿರುದ್ಧ ದಾವೆ ಹೂಡಿದರು. ಕಂಪನಿ ಆರೋಪವನ್ನು ಒಪ್ಪಲಿಲ್ಲ, 2012ರಲ್ಲಿ 2.7 ಕೋಟಿ ಡಾಲರಿಗೆ ರಾಜಿಯಾಯಿತು. ಕಾಲೇಜು ಫುಟ್‌ಬಾಲಿನ ಏಕಸ್ವಾಮ್ಯವನ್ನು ಐದು ವರ್ಷ ನವೀಕರಿಸುವುದಿಲ್ಲವೆಂದು ಇಎ ಒಪ್ಪಿಕೊಂಡಿತು, ಆದರೆ ಎನ್‌ಎಫ್‌ಎಲ್ ಒಪ್ಪಂದ ಹಾಗೆಯೇ ಉಳಿಯಿತು. ವಿವಾದದ ನಿಜವಾದ ಬೇರು ಅದೇ ಆಗಿದ್ದರಿಂದ ಈ ರಾಜಿ ನಮಗೆ ಅರೆಬರೆ ಎನಿಸುತ್ತದೆ. ಇದರ ನಡುವೆ, 2010ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಟೋಪಿ ತಯಾರಿಸುವ ಅಮೆರಿಕನ್ ನೀಡಲ್ ಕಂಪನಿಯ ಮೊಕದ್ದಮೆಯಲ್ಲಿ ಒಂದು ಮಹತ್ವದ ಮಾತು ಹೇಳಿತ್ತು. ಲೀಗಿನ 32 ತಂಡಗಳು ಒಟ್ಟಾಗಿ ಲಾಂಛನದ ಹಕ್ಕನ್ನು ಒಬ್ಬರಿಗೇ ಕೊಟ್ಟಾಗ ಅವು ಒಂದೇ ಸಂಸ್ಥೆಯೆಂಬ ನೆಪದಲ್ಲಿ ಸ್ಪರ್ಧಾ ಕಾನೂನಿನ ಪರಿಶೀಲನೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ಅಂಥ ಒಪ್ಪಂದಗಳೆಲ್ಲ ಅಕ್ರಮವೆಂದು ಇದರ ಅರ್ಥವಲ್ಲ. ಪ್ರಶ್ನಿಸುವ ಬಾಗಿಲು ಮುಚ್ಚಿಲ್ಲ ಎಂದಷ್ಟೇ.

ಪ್ರಶ್ನೆ: ಹಾಗಾದರೆ ಇಎಸ್‌ಪಿಎನ್ ಹೆಸರು ಕೈಬದಲಾದದ್ದೇ 2ಕೆ ಸೋಲಿಗೆ ಕಾರಣವೇ? (ಓದುಗರೊಬ್ಬರು, ಮೈಸೂರು)

ಉತ್ತರ: ಅಲ್ಲವೆಂದು ಬ್ಯಾಸ್ಕೆಟ್‌ಬಾಲ್ ಸ್ಪಷ್ಟವಾಗಿ ತೋರಿಸಿಕೊಟ್ಟಿತು. ಇಎಸ್‌ಪಿಎನ್ ಹೆಸರು ಅಲ್ಲಿಯೂ ಇಎ ಪಾಲಾಯಿತು, ಆದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ ಪರವಾನಗಿಯನ್ನು ಒಬ್ಬರಿಗೇ ಕಟ್ಟಿಕೊಡಲಿಲ್ಲ. ಹಾಗಾಗಿ ಅದೇ ವಿಷುವಲ್ ಕಾನ್ಸೆಪ್ಟ್ಸ್ ತಂಡ ತನ್ನದೇ ಶೈಲಿಯ ಪ್ರಸಾರವನ್ನು ರೂಪಿಸಿಕೊಂಡು ಎನ್‌ಬಿಎ 2ಕೆ ಸರಣಿಯನ್ನು ಬೆಳೆಸಿತು. ಇಎ ಕಂಪನಿಯ ಎನ್‌ಬಿಎ ಎಲೀಟ್ 11 ಬಿಡುಗಡೆಗೆ ಮೊದಲೇ 2010ರಲ್ಲಿ ರದ್ದಾಯಿತು. 2018ರ ಎನ್‌ಬಿಎ ಲೈವ್ 19ರ ನಂತರ ಇಎಯ ಲೈವ್ ಸರಣಿಯೂ ಗೇಮ್ ಯಂತ್ರಗಳಲ್ಲಿ ಮುಂದುವರಿಯಲಿಲ್ಲ. ಒಂದೇ ಸ್ಟುಡಿಯೋ, ಅದೇ ಎದುರಾಳಿ, ಚಾನೆಲ್ಲಿನ ಹೆಸರು ಎರಡು ಆಟಗಳಲ್ಲೂ ಎದುರಾಳಿಯ ಬಳಿಯೇ. ಬೇರೆಯಾಗಿದ್ದದ್ದು ಲೀಗಿನ ಬಾಗಿಲು ಮಾತ್ರ. ಫುಟ್‌ಬಾಲಿನಲ್ಲಿ ಆ ಬಾಗಿಲು 2020ರಲ್ಲಿ ಸ್ವಲ್ಪ ತೆರೆಯಿತು: ಟೇಕ್-ಟು ಜೊತೆ ಎನ್‌ಎಫ್‌ಎಲ್ ಮತ್ತೆ ಒಪ್ಪಂದ ಮಾಡಿಕೊಂಡಿತು, ಆದರೆ ನೈಜ ಪಂದ್ಯವನ್ನು ಅನುಕರಿಸದ ಹಗುರ ಗೇಮ್‌ಗಳಿಗೆ ಮಾತ್ರ. ಮ್ಯಾಡನ್‌ಗೆ ಎದುರು ನಿಲ್ಲಬಲ್ಲಂಥ ಗೇಮ್ ಮಾಡುವ ಅನುಮತಿ ಅದರಲ್ಲಿ ಇರಲಿಲ್ಲ.