ಮೊದಲು ಮಂಡಿಯ ವಿಷಯ ಹೇಳಿ, ಕೋಣೆಯ ಮಾತು ಆಮೇಲೆ

ಮೈಸೂರಿನಿಂದ ಬಂದ ನಾಲ್ಕು ಪುಟಗಳ ಈ ಪತ್ರವನ್ನು ಓದಿದ ಮೇಲೆ ಉಳಿದ ಪತ್ರಗಳನ್ನು ಬದಿಗಿಟ್ಟು ಇದಕ್ಕೇ ಉತ್ತರಿಸಬೇಕೆನಿಸಿತು. ಬರೆದವರು ಅರವತ್ತಮೂರು ವರ್ಷದ ನಿವೃತ್ತ ಶಿಕ್ಷಕಿ. ಬಿ.ಇಡಿ. ಓದುವಾಗಿನಿಂದ ಜೊತೆಗಿರುವ, ಇವರೂ ಸೇರಿದ ನಾಲ್ವರು ಗೆಳತಿಯರು ಮೇ ತಿಂಗಳಿನಲ್ಲಿ ಐರ್ಲೆಂಡಿಗೆ ಹತ್ತು ದಿನಗಳ ಗುಂಪು ಪ್ರವಾಸ ಹೊರಟಿದ್ದಾರೆ. ಇಬ್ಬರಿಗೊಂದು ಕೋಣೆಯೆಂದು ಮಾತಾಗಿತ್ತು. ಈಗ ಇವರ ಜೊತೆಗಿರಬೇಕಾದವರು ತಮ್ಮ ನಿದ್ದೆ ಬಹಳ ಸೂಕ್ಷ್ಮವೆಂದೂ ಹೆಚ್ಚಿನ ಹಣ ತೆತ್ತಾದರೂ ಒಬ್ಬರೇ ಇರುವುದಾಗಿಯೂ ಹೇಳಿದ್ದಾರೆ. ಆ ಹೆಚ್ಚುವರಿ ಹಣ ಇವರ ತಲೆಯ ಮೇಲೂ ಬಿದ್ದಿದೆ. ‘ಇಷ್ಟು ವರ್ಷದ ಸ್ನೇಹಕ್ಕೆ ಬೆಲೆಯೇ ಇಲ್ಲವೇ, ಪ್ರವಾಸವನ್ನೇ ಬಿಟ್ಟುಬಿಡಲೇ’ ಎಂದು ಕೇಳಿದ್ದಾರೆ.

ಅಮ್ಮಾ, ನನ್ನನ್ನು ತಡೆದು ನಿಲ್ಲಿಸಿದ್ದು ಈ ಪ್ರಶ್ನೆಯಲ್ಲ. ಮೂರನೆಯ ಪುಟದಲ್ಲಿ, ಉಣ್ಣೆಯ ಬಟ್ಟೆ ಕೊಳ್ಳುವ ಮಾತಿನ ನಡುವೆ, ನೀವು ಅವಸರದಲ್ಲಿ ದಾಟಿಹೋದ ಒಂದು ಸಾಲಿದೆ. ಎಡಮಂಡಿಗೆ ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿ ವರ್ಷವಾಗಿದೆ, ರಾತ್ರಿ ಎರಡು ಮೂರು ಸಲ ಎದ್ದು ದೀಪ ಹಾಕಿಕೊಂಡು ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತೀರಿ, ಗೆಳತಿಯರಿಗೆ ಇದಾವುದೂ ಗೊತ್ತಿಲ್ಲ, ವಿಮೆಯ ಅರ್ಜಿಯಲ್ಲಿ ನಿಮ್ಮ ಮಗ ಯಾವ ಕಾಯಿಲೆಯೂ ಇಲ್ಲವೆಂದು ತುಂಬಿದ್ದಾರೆ.

ನಿಮ್ಮ ಗೆಳತಿಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ತನಗೆ ಆಗದ್ದನ್ನು ಆಗದೆಂದು ಹೊರಡುವ ಮೊದಲೇ, ಮುಖಕ್ಕೆ ಮುಖ ಕೊಟ್ಟು ಹೇಳಿದ್ದಾರೆ. ಜೊತೆಯಲ್ಲಿ ದೂರ ಹೋಗುವವರು ತಮ್ಮ ದೇಹದ ಕಷ್ಟವನ್ನು ಒಬ್ಬರಿಗೊಬ್ಬರು ತಿಳಿಸಿಯೇ ಹೊರಡಬೇಕೆಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಆ ಕೆಲಸವನ್ನು ಅವರು ಮಾಡಿದ್ದಾರೆ, ನೀವು ಮಾಡಿಲ್ಲ. ನೀವು ರಾತ್ರಿ ದೀಪ ಹಾಕಿದ ಮೊದಲ ದಿನವೇ, ಡಬ್ಲಿನ್ನಿನ ಯಾವುದೋ ಹೋಟೆಲಿನಲ್ಲಿ, ಗುಟ್ಟು ರಟ್ಟಾಗುತ್ತಿತ್ತು.

ನೀವು ಕಳುಹಿಸಿದ ಕಾರ್ಯಕ್ರಮ ಪಟ್ಟಿಯನ್ನು ಮಂಡಿಯ ಕಣ್ಣಿನಿಂದ ಓದಿ ನೋಡಿ. ನ್ಯೂಗ್ರೇಂಜಿನ ಸಮಾಧಿ ಐದು ಸಾವಿರ ವರ್ಷಕ್ಕೂ ಹಳೆಯದು, ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಿಂದಿನದು. ಅದರ ಒಡಲಿಗೆ ಹೋಗಬೇಕಾದರೆ ಸುಮಾರು 19 ಮೀಟರ್ ಉದ್ದದ ಇಕ್ಕಟ್ಟಾದ ಹಾದಿಯಲ್ಲಿ ಅಲ್ಲಲ್ಲಿ ಬಾಗಿ, ಮೈ ಓರೆ ಮಾಡಿಕೊಂಡು ನಡೆಯಬೇಕು. ಬ್ಲಾರ್ನಿ ಕೋಟೆಯ ಸುರುಳಿ ಮೆಟ್ಟಿಲುಗಳು ನೂರನ್ನು ಮೀರುತ್ತವೆ. ಹಿಂದಿನಿಂದ ಜನ ಹತ್ತುತ್ತಿರುವಾಗ ನಡುವೆ ನಿಂತು ಸುಧಾರಿಸಿಕೊಳ್ಳಲು ಜಾಗವಿರುವುದಿಲ್ಲ. ಜಯಂಟ್ಸ್ ಕಾಸ್‌ವೇಯಲ್ಲಿ ಸುಮಾರು 40,000 ಕಪ್ಪುಶಿಲೆಯ ಕಂಬಗಳು ಕಡಲಿಗಿಳಿದಿವೆ. ಒಂದು ಮೊಣಕಾಲೆತ್ತರ, ಪಕ್ಕದ್ದು ಗೇಣೆತ್ತರ, ಕಡಲಂಚಿನವುಗಳ ಮೇಲೆ ಅಲೆಯ ನೀರು. ಅಲ್ಲಿ ಕಾಲು ಜಾರಿದರೆ ಮೊದಲು ಕೈಹಿಡಿಯುವವರು ನಿಮ್ಮ ಗೆಳತಿಯರೇ. ಯಾವ ಕಾಲು ಸೋತಿದೆಯೆಂಬುದು ಅವರಿಗೆ ಗೊತ್ತಿರಬೇಡವೇ?

ಇದನ್ನು ಹೆದರಿಸಲು ಹೇಳುತ್ತಿಲ್ಲ, ನೀವು ಹೋಗಲೇಬೇಕೆಂಬ ಆಸೆಯಿಂದ ಹೇಳುತ್ತಿದ್ದೇನೆ. ಕಾಸ್‌ವೇಯ ದಂಡೆಯವರೆಗೂ ಚಿಕ್ಕ ಬಸ್ಸೊಂದು ಓಡಾಡುತ್ತದೆ. ಸುಮಾರು 179 ಕಿಲೋಮೀಟರಿನ ರಿಂಗ್ ಆಫ್ ಕೆರಿ ಎಂಬ ಸುತ್ತುರಸ್ತೆಯ ಬೆಟ್ಟ, ಕೊಲ್ಲಿಗಳ ಚೆಲುವು ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಟ್ರಿನಿಟಿ ಕಾಲೇಜಿನಲ್ಲಿರುವ, ಸುಮಾರು ಕ್ರಿ.ಶ. 800ರ ಬುಕ್ ಆಫ್ ಕೆಲ್ಸ್ ಹಸ್ತಪ್ರತಿಯ ಒಂದೊಂದು ಅಕ್ಷರದ ಬಣ್ಣದ ಕುಸುರಿಯನ್ನು ನೋಡಲು ಮಂಡಿಗಿಂತ ತಾಳ್ಮೆ ಹೆಚ್ಚು ಬೇಕು, ಅದು ಶಿಕ್ಷಕಿಯಾದ ನಿಮ್ಮಲ್ಲಿದೆ. ಎಲ್ಲರೂ ಏರಿದ್ದನ್ನೆಲ್ಲ ಏರಲೇಬೇಕೆಂಬ ಹಟ ಬೇಡ.

ನನಗೆ ನಿಜವಾಗಿ ಕೋಪ ಬಂದಿರುವುದು ನಿಮ್ಮ ಮಗನ ಮೇಲೆ. ಅಮ್ಮ ಸಂತೋಷವಾಗಿ ಹೋಗಿಬರಲಿ ಎಂದೇ ಹಾಗೆ ತುಂಬಿರಬಹುದು. ಆದರೆ ಮೊದಲೇ ತಿಳಿದಿದ್ದ ಕಾಯಿಲೆಯನ್ನು ಮುಚ್ಚಿಟ್ಟರೆ ವಿಮೆಯವರು ಹಣ ಕೊಡಲು ನಿರಾಕರಿಸಬಹುದು. ಆಗ ಹೊರದೇಶದ ಆಸ್ಪತ್ರೆಯ ಖರ್ಚನ್ನು ನೀವೇ ಯೂರೋಗಳಲ್ಲಿ ತೆರಬೇಕಾದೀತು. ತಾಯಿಯ ದೇಹದ ವಿಷಯದಲ್ಲಿ ಸುಳ್ಳು ಬರೆಯುವ ಅಧಿಕಾರ ಯಾವ ಮಗನಿಗೂ ಇಲ್ಲ. ಅರ್ಜಿಯನ್ನು ಅವರ ಕೈಯಲ್ಲೇ ತಿದ್ದಿಸಿ. ಕಾಸ್‌ವೇ ಇರುವುದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ. ವಿಮೆ ಎರಡೂ ದೇಶಗಳಿಗೆ ಅನ್ವಯಿಸುತ್ತದೆಯೇ, ಐರಿಷ್ ವೀಸಾದಲ್ಲಿ ಬ್ರಿಟನ್ ಪ್ರವೇಶಕ್ಕೂ ಸಲ್ಲುವ ಬಿಐವಿಎಸ್ ಗುರುತು ಇದೆಯೇ ಎಂಬುದನ್ನೂ ಅವರೇ ವಿಚಾರಿಸಲಿ.

ನೀವು ಮಾಡಬೇಕಾದದ್ದು ಒಂದೇ. ಈ ಭಾನುವಾರ ಮೂವರನ್ನೂ ಮನೆಗೆ ಕರೆಯಿರಿ. ಫೋನಿನಲ್ಲಿ ಹೇಳಬೇಡಿ. ವೈದ್ಯರ ಚೀಟಿಯನ್ನು ಅವರ ಮುಂದಿಟ್ಟು, ಯಾವ ಯಾವ ಜಾಗದಲ್ಲಿ ನೀವು ಕೆಳಗೇ ಕುಳಿತಿರುತ್ತೀರೆಂದು ಪಟ್ಟಿ ನೋಡಿಕೊಂಡು ತಿಳಿಸಿ. ಅಲ್ಲಿಯವರೆಗೆ ಪ್ರವಾಸದ ಬಾಕಿ ಕಂತನ್ನು ಕಟ್ಟಬೇಡಿ.