ಎರೆ ಮಣ್ಣಿನ ಮೇಲೆ ಹೊಸ ಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರಾಯಚೂರಿನ ಹೊರವಲಯದ ಬಡಾವಣೆಯಲ್ಲಿ, 30×40 ಅಡಿ ನಿವೇಶನದ ಮೇಲೆ ಗುತ್ತಿಗೆದಾರರೊಬ್ಬರು ಕಟ್ಟಿದ ಮನೆಯನ್ನು ಬ್ಯಾಂಕ್ ಸಾಲ ಮಾಡಿ ಕೊಂಡು, ಕಳೆದ ಮಾಘದಲ್ಲಿ ಗೃಹಪ್ರವೇಶ ಮಾಡಿದೆವು. ಬೇಸಿಗೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಕಾಣಿಸಿಕೊಂಡಿತು. ಮಳೆಗಾಲದಲ್ಲಿ ಮಲಗುವ ಕೋಣೆಯ ಬಾಗಿಲು ಚೌಕಟ್ಟಿಗೆ ಹಿಡಿಯತೊಡಗಿತು. ಕಟ್ಟಿದವರು ‘ಹೊಸ ಮನೆಗೆ ಇದು ಸಹಜ, ಪುಟ್ಟಿ ಹಚ್ಚಿ ಬಣ್ಣ ಹೊಡೆಸಿ’ ಎನ್ನುತ್ತಾರೆ. ನಮ್ಮ ಅತ್ತೆಯವರು ವಾಸ್ತುದೋಷವೆಂದು ಕೊರಗುತ್ತಿದ್ದಾರೆ. ದೀಪಾವಳಿಗೆ ಮುಂಚೆ ಬಣ್ಣ ಹೊಡೆಸಬಹುದೇ?

ಉತ್ತರ: ಬಣ್ಣವನ್ನು ಈ ದೀಪಾವಳಿಗೆ ಹೊಡೆಸಬೇಡಿ. ಬಿರುಕು ಕಾಣಿಸಿಕೊಂಡ ಮೇಲೆ ಮನೆ ಒಂದು ಪೂರ್ತಿ ಬೇಸಿಗೆಯನ್ನೂ ಒಂದು ಪೂರ್ತಿ ಮಳೆಗಾಲವನ್ನೂ ಕಾಣುವವರೆಗೆ ಬಿರುಕನ್ನು ಮುಚ್ಚಿಸಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಮುಚ್ಚಿದ ಬಿರುಕು ಮುಂದೆ ಬೆಳೆಯಿತೋ ನಿಂತಿತೋ ಎಂದು ತಿಳಿಯುವ ದಾರಿಯೇ ಇಲ್ಲವಾಗುತ್ತದೆ. ಅಷ್ಟೇ ಅಲ್ಲ, ಕಟ್ಟಿದವರನ್ನು ಕೇಳಲು ನಿಮ್ಮ ಕೈಯಲ್ಲಿರುವ ಸಾಕ್ಷ್ಯವೂ ಪುಟ್ಟಿಯ ಅಡಿಯಲ್ಲಿ ಸೇರಿಹೋಗುತ್ತದೆ.

ರಾಯಚೂರು, ಸಿಂಧನೂರು, ಸಿರುಗುಪ್ಪ, ಬಳ್ಳಾರಿ ಸೀಮೆಯ ಬಹುಭಾಗ ಎರೆ ಭೂಮಿ. ಹಸಿಯಾದರೆ ಉಬ್ಬುವ, ಒಣಗಿದರೆ ಕುಗ್ಗಿ ಬಾಯಿ ಬಿಡುವ ಈ ಮಣ್ಣಿನ ಗುಣವನ್ನು ಬೇಸಿಗೆಯಲ್ಲಿ ಹೊಲಕ್ಕೆ ಹೋದ ಯಾರೂ ಬಲ್ಲರು. ಮನೆಯ ಕೆಳಗೂ ನಡೆಯುವುದು ಇದೇ. ನಡುಮನೆಯ ಅಡಿಯ ಮಣ್ಣಿಗೆ ಬಿಸಿಲು ತಾಗದ ಕಾರಣ ಅಲ್ಲಿಯ ತೇವ ಆರುವುದಿಲ್ಲ. ಹೊರಗೋಡೆಗಳ ಅಡಿಯ ಮಣ್ಣು ಮಾತ್ರ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಅಡಿಪಾಯದ ಒಂದು ಭಾಗ ಏರಿಳಿದು ಮತ್ತೊಂದು ಭಾಗ ಇದ್ದಲ್ಲೇ ಇದ್ದಾಗ ಗೋಡೆ ತನ್ನ ದುರ್ಬಲ ಜಾಗದಲ್ಲಿ, ಅಂದರೆ ಕಿಟಕಿ ಬಾಗಿಲುಗಳ ಮೂಲೆಯಲ್ಲಿ, ಓರೆಯಾಗಿ ಸೀಳುತ್ತದೆ. ಋತುಮಾನಕ್ಕೆ ತಕ್ಕಂತೆ ಹೀಗೆ ಅಲುಗಾಡುವ ಪದರ ಮೂರೂವರೆ ಮೀಟರ್ ಆಳದವರೆಗೂ ಇರಬಹುದಾದ್ದರಿಂದಲೇ, ಎರೆ ಭೂಮಿಯಲ್ಲಿ ಬುಡದಲ್ಲಿ ಉಬ್ಬಿರುವ ಕಾಂಕ್ರೀಟ್ ಪೈಲುಗಳನ್ನು, ಅಂದರೆ ನೆಲದೊಳಗಿನ ಕಂಬಗಳನ್ನು, ಅಷ್ಟು ಆಳಕ್ಕೆ ಇಳಿಸಿ ಅವುಗಳ ತಲೆಯ ಮೇಲೆ ಗೋಡೆ ಹೊರುವ ಕಾಂಕ್ರೀಟ್ ತೊಲೆಯಾದ ಪ್ಲಿಂತ್ ಬೀಮ್ ಕಟ್ಟುವ ಪದ್ಧತಿ ಬಂದದ್ದು. ನಿಮ್ಮ ಮನೆಯ ಅಡಿಪಾಯ ಯಾವ ಬಗೆಯದು, ಎರೆ ಮಣ್ಣನ್ನು ತೆಗೆದು ಗರಸು ತುಂಬಿಸಿದ್ದಾರೆಯೇ, ಎಷ್ಟು ಆಳಕ್ಕೆ ಹೋಗಿದ್ದಾರೆ ಎಂಬುದನ್ನು ಕಟ್ಟಿದವರಿಂದ ಬರವಣಿಗೆಯಲ್ಲಿ ಕೇಳಿ, ನಕ್ಷೆಯ ಪ್ರತಿಯನ್ನು ಪಡೆದುಕೊಳ್ಳಿ.

ಹಾಗೆಂದು ಎಲ್ಲ ಬಿರುಕಿಗೂ ಹೆದರಬೇಕಾಗಿಲ್ಲ. ಗಾರೆಯ ಮೇಲೆ ಬಲೆಯಂತೆ ಹರಡಿದ ಕೂದಲೆಳೆಯ ಗೆರೆಗಳು ನಮ್ಮ ಬಿಸಿಲಿನಲ್ಲಿ ಸರಿಯಾಗಿ ನೀರುಣಿಸದೆ ಪ್ಲಾಸ್ಟರ್ ಬೇಗ ಒಣಗಿದ್ದರ ಗುರುತು. ಕಾಂಕ್ರೀಟ್ ಕಂಬಕ್ಕೂ ಇಟ್ಟಿಗೆ ಗೋಡೆಗೂ ನಡುವೆ ನೇರವಾಗಿ ಮೇಲಿಂದ ಕೆಳಕ್ಕೆ ಬರುವ ಗೆರೆ, ಆ ಕೂಡುಜಾಗಕ್ಕೆ ಜಾಲರಿ ಹೊಡೆಯದೆ ಗಾರೆ ಮಾಡಿದ್ದರ ಫಲ. ಇವು ನೋಡಲು ಚೆನ್ನಾಗಿಲ್ಲವಾದರೂ ಮನೆಯ ಬಲಕ್ಕೆ ಕುಂದು ತರುವುದಿಲ್ಲ. ಓರೆಯಾಗಿ ಅಥವಾ ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲಿನಂತೆ ಸಾಗುವ, ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದು ತುದಿಯಲ್ಲಿ ಸಣ್ಣಗಾಗುವ, ಗೋಡೆಯ ಎರಡೂ ಮೈಯಲ್ಲಿ ಕಾಣುವ ಬಿರುಕು ಮಾತ್ರ ಅಡಿಪಾಯದ ಕಡೆಗೆ ಕೈ ತೋರಿಸುತ್ತದೆ.

ನಿಮ್ಮದು ಯಾವುದೆಂದು ನೀವೇ ನೋಡಬಹುದು. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ನಡುವೆ, ಗಾರೆಯನ್ನು ಕೆರೆದು ಇಟ್ಟಿಗೆ ಕಾಣಿಸಿದ ಜಾಗದಲ್ಲಿ, ಅಂಗೈಯಗಲ ಪ್ಲಾಸ್ಟರ್ ಆಫ್ ಪ್ಯಾರಿಸ್ ತೆಳುವಾಗಿ ಬಳಿದು ಅದರ ಮೇಲೂ ದಿನಾಂಕ ಹಾಕಿ. ಗೋಡೆ ಇನ್ನೂ ಸರಿಯುತ್ತಿದ್ದರೆ ಆ ಬಳಿತ ಸೀಳುತ್ತದೆ. ತಿಂಗಳಿಗೊಮ್ಮೆ ಅಳತೆಪಟ್ಟಿಯನ್ನು ಪಕ್ಕಕ್ಕೆ ಹಿಡಿದು ಫೋಟೋ ತೆಗೆದಿಡಿ. ಬಾಗಿಲಿನ ವಿಷಯದಲ್ಲಿ, ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ದಾರ ಹಿಡಿದು ಅಳೆಯಿರಿ. ಎರಡೂ ಅಳತೆ ಒಂದೇ ಇದ್ದರೆ ಮಳೆಗಾಲದ ತೇವಕ್ಕೆ ಮರ ಉಬ್ಬಿದೆ, ಬಡಗಿಯೇ ಸಾಕು. ಬೇರೆ ಬೇರೆ ಇದ್ದರೆ, ಮೊದಲೇ ಓರೆಯಾಗಿ ಕೂರಿಸಿದ್ದಲ್ಲವೆಂದಾದ ಪಕ್ಷದಲ್ಲಿ, ಗೋಡೆಯೇ ಚೌಕಟ್ಟನ್ನು ಓರೆ ಮಾಡಿದೆ. ಬಿರುಕು 5 ಮಿಲಿಮೀಟರಿಗಿಂತ ಅಗಲವಾದರೆ ಅಥವಾ ತಿಂಗಳು ತಿಂಗಳಿಗೆ ಬೆಳೆಯುತ್ತಿದ್ದರೆ ವರ್ಷ ತುಂಬಲೆಂದು ಕಾಯದೆ, ಕಟ್ಟಿದವರಿಗೆ ಸಂಬಂಧವಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸಿ ವರದಿಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಈ ನಡುವೆ ಸುಮ್ಮನೆ ಕೂರಬೇಕಾಗಿಲ್ಲ. ಮನೆಯ ಸುತ್ತಲ ಮಣ್ಣಿನ ತೇವವನ್ನು ವರ್ಷವಿಡೀ ಆದಷ್ಟು ಒಂದೇ ಹದದಲ್ಲಿಡುವುದೇ ನಿಜವಾದ ಚಿಕಿತ್ಸೆ. ಗೋಡೆಗೆ ಹೊಂದಿಕೊಂಡು ನಾಲ್ಕೈದು ಅಡಿ ಅಗಲಕ್ಕೆ, ಹೊರಗಡೆಗೆ ಇಳಿಜಾರಾಗಿ ಕಾಂಕ್ರೀಟ್ ಹಾಸು ಹಾಕಿಸಿ. ಜಾಗ ಕಡಿಮೆಯಿದ್ದರೆ ಕಾಂಪೌಂಡಿನವರೆಗೂ ಹಾಕಿಸಿ. ಮಾಳಿಗೆಯ ನೀರಿನ ಪೈಪು ಗೋಡೆಯ ಬುಡದಲ್ಲೇ ಸುರಿಯದೆ ಚರಂಡಿಯವರೆಗೆ ಹೋಗಲಿ. ಬಚ್ಚಲ ನೀರು ಹಿತ್ತಲಲ್ಲಿ ಇಂಗಬಾರದು, ನೀರಿನ ತೊಟ್ಟಿ ಸೋರುತ್ತಿದೆಯೇ ಎಂದು ಒಂದು ರಾತ್ರಿ ನೀರಿನ ಮಟ್ಟ ಗುರುತು ಹಾಕಿ ನೋಡಬೇಕು. ಗೋಡೆಯ ಹತ್ತಿರ ಬೇವು, ಅರಳಿಯಂತಹ ಮರಗಳನ್ನು ನೆಡಬೇಡಿ. ಅವುಗಳ ಬೇರು ಬೇಸಿಗೆಯಲ್ಲಿ ಅಡಿಪಾಯದ ಮಣ್ಣಿನ ತೇವವನ್ನು ಹೀರುತ್ತದೆ.

ಕಾನೂನಿನ ಮಾತು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ನೋಂದಣಿ ನಿಯಮ 500 ಚದರ ಮೀಟರ್ ಮೀರದ ಜಾಗದ ಯೋಜನೆಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ನಿಮ್ಮಂತಹ ಬಿಡಿ ಮನೆಗೆ ಆ ದಾರಿಯನ್ನು ನೆಚ್ಚಿಕೊಳ್ಳುವುದು ಕಷ್ಟ. ಆದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಮನೆ ನಿರ್ಮಾಣವನ್ನು ಸೇವೆಯೆಂದೇ ಪರಿಗಣಿಸುತ್ತದೆ. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ಆದ್ದರಿಂದ ಇಂದೇ ಕಟ್ಟಿದವರಿಗೆ ಫೋಟೋಗಳೊಂದಿಗೆ ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ತಲುಪಿದ ದಾಖಲೆಯನ್ನು ಇಟ್ಟುಕೊಳ್ಳಿ. ಬಾಯಿಮಾತಿನ ಭರವಸೆ ಆಯೋಗದ ಮುಂದೆ ನಿಲ್ಲುವುದಿಲ್ಲ.

ನಿಮ್ಮ ಅತ್ತೆಯವರಿಗೆ, ಇದು ಮನೆಯವರ ಯಾವ ತಪ್ಪಿನಿಂದಲೂ ಬಂದದ್ದಲ್ಲ, ಮಣ್ಣಿನ ಗುಣದಿಂದ ಬಂದದ್ದೆಂದು ಸಮಾಧಾನವಾಗಿ ತಿಳಿಸಿ. ಶಾಂತಿ ಮಾಡಿಸಿದರೆ ಅವರ ಮನಸ್ಸಿಗೆ ನೆಮ್ಮದಿಯಾಗುವುದಾದರೆ ಮಾಡಿಸಿ. ಆದರೆ ದೋಷ ಪರಿಹಾರವೆಂದು ಬಾಗಿಲು ಕಿತ್ತು ಬೇರೆಡೆ ಇಡಿಸುವುದಕ್ಕೆ, ಗೋಡೆ ಒಡೆಸುವುದಕ್ಕೆ ಮಾತ್ರ ದಯವಿಟ್ಟು ಒಪ್ಪಬೇಡಿ.

ಪ್ರಶ್ನೆ: ಸಿಂಧನೂರಿನಲ್ಲಿ, ಹಿಂದೆ ಭತ್ತದ ಗದ್ದೆಯಾಗಿದ್ದ ಜಾಗದ ಬಡಾವಣೆಯಲ್ಲಿ ಹೊಸ ಮನೆ ಕೊಂಡಿದ್ದೇವೆ. ನೆಲದಿಂದ ಎರಡು ಅಡಿ ಎತ್ತರದವರೆಗೆ ಗೋಡೆಯ ಬಣ್ಣ ಉದುರಿ ಬಿಳಿ ಪುಡಿ ಬರುತ್ತಿದೆ. ವಾಟರ್‌ಪ್ರೂಫ್ ಬಣ್ಣ ಹೊಡೆದರೆ ನಿಲ್ಲುತ್ತದೆಯೇ?

ಉತ್ತರ: ನಿಲ್ಲುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಸುತ್ತಲ ಗದ್ದೆಗಳಲ್ಲಿ ನೀರು ನಿಂತಾಗ ನೆಲದೊಳಗಿನ ನೀರಿನ ಮಟ್ಟವೂ ಮೇಲೆ ಬರುತ್ತದೆ. ಮಣ್ಣಿನ ಸವಳನ್ನು ಕರಗಿಸಿಕೊಂಡು ಆ ನೀರು ಇಟ್ಟಿಗೆಯೊಳಗೆ ಏರುತ್ತದೆ, ನೀರು ಆರಿದಲ್ಲಿ ಉಪ್ಪು ಉಳಿಯುತ್ತದೆ. ಗೋಡೆಯ ಮೈಯನ್ನು ವಾಟರ್‌ಪ್ರೂಫ್ ಬಣ್ಣದಿಂದ ಮುಚ್ಚಿದರೆ ತೇವ ಇನ್ನೂ ಎರಡು ಅಡಿ ಮೇಲೆ ಹೋಗಿ ಅಲ್ಲಿ ಹೊರಬರುತ್ತದೆ. ಉಪ್ಪನ್ನು ನೀರಿನಿಂದ ತೊಳೆಯದೆ ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಕೆಟ್ಟ ಗಾರೆಯನ್ನು ಕೆರೆಸಿ ಒಂದು ಬೇಸಿಗೆ ಗೋಡೆಯನ್ನು ಹಾಗೆಯೇ ಆರಲು ಬಿಡಿ. ಪ್ಲಿಂತ್ ಮಟ್ಟದಲ್ಲಿ ತೇವ ತಡೆಯುವ ಪದರ ಹಾಕಿದ್ದಾರೆಯೇ ಎಂದು ಒಂದು ಕಡೆ ಬಿಚ್ಚಿಸಿ ನೋಡಬೇಕು. ಇಲ್ಲದಿದ್ದರೆ ಗೋಡೆಯ ಬುಡದಲ್ಲಿ ಸಾಲಾಗಿ ರಂಧ್ರ ಕೊರೆದು ತೇವ ತಡೆಯುವ ರಾಸಾಯನಿಕ ತುಂಬಿಸುವ ಉಪಾಯವಿದೆ. ಖರ್ಚಿನದಾದರೂ ಪದೇ ಪದೇ ಬಣ್ಣ ಹೊಡೆಸುವುದಕ್ಕಿಂತ ಮೇಲು. ಬಳಿಕ ಗಾಳಿಯಾಡುವ ಸುಣ್ಣವನ್ನೇ ಬಳಿಯಿರಿ.

ಪ್ರಶ್ನೆ: ಬಳ್ಳಾರಿಯಲ್ಲಿ ಫ್ಲ್ಯಾಟ್ ಕಾಯ್ದಿರಿಸಿದ್ದೇವೆ. ಬಿಲ್ಡರ್ ಕೊನೆಯ ಕಂತು ಕಟ್ಟಿ ಬೀಗದ ಕೈ ತೆಗೆದುಕೊಳ್ಳಿ, ವಾಸಯೋಗ್ಯ ಪ್ರಮಾಣಪತ್ರ ಆಮೇಲೆ ಬರುತ್ತದೆ ಎನ್ನುತ್ತಿದ್ದಾರೆ. ಶ್ರಾವಣದಲ್ಲಿ ಹೋಗುವ ಆಸೆಯಿತ್ತು.

ಉತ್ತರ: ಪ್ರಮಾಣಪತ್ರ ಬರುವವರೆಗೆ ಕೊನೆಯ ಕಂತನ್ನು ತಡೆಹಿಡಿಯಬಹುದೇ ಎಂದು ನಿಮ್ಮ ಕರಾರು ಪತ್ರವನ್ನು ವಕೀಲರಿಗೆ ತೋರಿಸಿ ಕೇಳಿ, ಶ್ರಾವಣ ತಪ್ಪಿದರೂ ಚಿಂತೆಯಿಲ್ಲ. ಯೋಜನೆ ಕರ್ನಾಟಕ ರೇರಾದಲ್ಲಿ ನೋಂದಣಿಯಾಗಿದೆಯೇ ಎಂದು ಅದರ ಜಾಲತಾಣದಲ್ಲಿ ನೋಡಿ. ಸ್ವಾಧೀನ ಪಡೆದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು ತಿಳಿಸಿದರೆ, ಹೆಚ್ಚುವರಿ ಹಣ ಕೇಳದೆ 30 ದಿನದೊಳಗೆ ಸರಿಪಡಿಸಿಕೊಡುವುದು ಬಿಲ್ಡರ್ ಹೊಣೆಯೆಂದು ರೇರಾ ಕಾಯ್ದೆಯ 14ನೆಯ ಸೆಕ್ಷನ್ ಹೇಳುತ್ತದೆ. ಆ 5 ವರ್ಷದ ಲೆಕ್ಕ ಶುರುವಾಗುವುದು ಸ್ವಾಧೀನದ ದಿನದಿಂದ. ಆದ್ದರಿಂದ ದಿನಾಂಕ ನಮೂದಿಸಿದ ಸ್ವಾಧೀನ ಪತ್ರವಿಲ್ಲದೆ ಬರೀ ಬೀಗದ ಕೈ ತೆಗೆದುಕೊಳ್ಳಬೇಡಿ. ಕ್ರಯಪತ್ರದ ನಂತರ ಇ-ಖಾತೆ ಮತ್ತು ಜೆಸ್ಕಾಂ ವಿದ್ಯುತ್ ಮೀಟರು ನಿಮ್ಮ ಹೆಸರಿಗೆ ಬಂದಿವೆಯೇ ಎಂದೂ ನೋಡಿಕೊಳ್ಳಿ.

ಪ್ರಶ್ನೆ: ಕೊಪ್ಪಳದ ಹತ್ತಿರ ಕೊಂಡ ಹೊಸ ಮನೆಗೆ ಕೊಳವೆಬಾವಿಯ ನೀರೇ ಗತಿ. ಕಾಯಿಸಿ ಆರಿಸಿ ಕುಡಿದರೆ ಸಾಕಲ್ಲವೇ?

ಉತ್ತರ: ಸಾಲದು. ಕಾಯಿಸಿದರೆ ರೋಗಾಣು ಸಾಯುತ್ತವೆ, ನೀರಿನಲ್ಲಿ ಕರಗಿದ, ಹೆಚ್ಚಾದರೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಒಳ ಹೋಗುವ ಮುನ್ನ ನೀರನ್ನು ಜಿಲ್ಲಾ ಮಟ್ಟದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು, ಬೇರೆ ಮೂಲವಿಲ್ಲದಿದ್ದಾಗ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದರೆ ಕುಡಿಯುವುದಕ್ಕೂ ಅಡುಗೆಗೂ ಆರ್‌ಓ ನೀರನ್ನೇ ಬಳಸಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೊದಲ ದಿನದಿಂದಲೇ.