ಮೂಟೆಯ ಐಕಾನ್ ಕೊನೆಯ ಮೆನುವಿನಲ್ಲಿ ಮಾತ್ರ ಯಾಕೆ ಕಾಣುತ್ತದೆ?

ಪ್ರಶ್ನೆ: ಮೇಡಂ, ಕಾಫಿ ತೋಟದ ಲೆಕ್ಕ ಬರೆಯಲು, ವಿಂಡೋಸ್ ಪ್ರೋಗ್ರಾಂಗಳ ಪರದೆ ಕಟ್ಟುವ ಡಬ್ಲ್ಯುಪಿಎಫ್‌ನಲ್ಲಿ ಒಂದು ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಪಿಎನ್‌ಜಿ ಐಕಾನ್‌ಗಳು ಹೊಸ ಲ್ಯಾಪ್‌ಟಾಪ್‌ನಲ್ಲಿ ಮಸುಕಾಗುತ್ತಿದ್ದವು, ಅದಕ್ಕೆ ಚಿತ್ರವನ್ನು ಚುಕ್ಕಿಗಳ ಬದಲು ಗೆರೆಗಳ ಲೆಕ್ಕದಲ್ಲಿ ಇಡುವ ವೆಕ್ಟರ್‌ಗೆ ಬಂದೆ. ಈಗ ಮೂಟೆಯ ಐಕಾನನ್ನು ಮೂರು ಮೆನುಗಳಿಗೆ ಹಾಕಿದರೆ ಕೊನೆಯದರಲ್ಲಿ ಮಾತ್ರ ಕಾಣುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನೀವು ರಿಸೋರ್ಸ್‌ನಲ್ಲಿ, ಅಂದರೆ ಹಲವು ಕಡೆ ಬಳಸಲು ಹೆಸರಿಟ್ಟು ಇಡುವ ಜಾಗದಲ್ಲಿ, ಇಡೀ ಪಾತ್ ಅನ್ನೇ ಇಟ್ಟಿದ್ದೀರಿ, ಅಲ್ವಾ? ಪಾತ್ ಅಂದರೆ ಪರದೆಯ ಮೇಲೆ ಕೂರುವ ವಸ್ತು. ಅದಕ್ಕೆ ಒಂದು ಸಲಕ್ಕೆ ಒಂದೇ ಜಾಗ. ಮೂರನೇ ಮೆನು ಕರೆದ ಕೂಡಲೇ ಹಿಂದಿನ ಜಾಗ ಬಿಟ್ಟು ಬರುತ್ತದೆ. ಆ ರಿಸೋರ್ಸ್‌ನ ಎಕ್ಸ್ ಶೇರ್ಡ್ (x:Shared) ಅನ್ನು ಫಾಲ್ಸ್ ಮಾಡಿದರೆ ಕೇಳಿದಾಗೆಲ್ಲ ಹೊಸದೊಂದು ತಯಾರಾಗುತ್ತದೆ. ಕೆಲಸವೇನೋ ಆಗುತ್ತದೆ, ಆದರೆ ನನಗೆ ಆ ದಾರಿ ಇಷ್ಟವಿಲ್ಲ.

ಚಿಕ್ಕಮಗಳೂರಿನ ಹತ್ತಿರದ ಒಂದು ತೋಟಕ್ಕೆ ಆಳು ಲೆಕ್ಕದ ಪ್ರೋಗ್ರಾಂ ಬರೆದಾಗ ನಾನು ಹಾಗೇ ಮಾಡಿದ್ದೆ. ಪ್ರತಿ ಸಾಲಿಗೂ ಪೂರ್ತಿ ಚಿತ್ರದ ಹೊಸ ಪ್ರತಿ. ಕೊಯ್ಲಿನ ಸಮಯದಲ್ಲಿ ಪಟ್ಟಿ ಉದ್ದವಾಯಿತು, ಸ್ಕ್ರೋಲ್ ಮಾಡಿದರೆ ತಡೆದು ತಡೆದು ಓಡುತ್ತಿತ್ತು. ಆಮೇಲೆ ಆಕಾರವನ್ನು ಮಾತ್ರ, ಅಂದರೆ ಜಿಯೋಮೆಟ್ರಿಯನ್ನು, ರಿಸೋರ್ಸ್ ಡಿಕ್ಷನರಿಯಲ್ಲಿಟ್ಟು ಫ್ರೀಜ್ ಮಾಡಿದೆ. ಫ್ರೀಜ್ ಆದದ್ದು ಇನ್ನು ಬದಲಾಗುವುದಿಲ್ಲ, ಹಾಗಾಗಿ ಡಬ್ಲ್ಯುಪಿಎಫ್‌ಗೆ ಅದರ ಮೇಲೆ ಕಣ್ಣಿಡುವ ಕೆಲಸ ಉಳಿಯುವುದಿಲ್ಲ. ಎಷ್ಟು ಕಡೆ ಬೇಕಾದರೂ ಅದೊಂದನ್ನೇ ಬಳಸಬಹುದು. ಬಟನ್‌ಗಳ ಟೆಂಪ್ಲೇಟ್‌ನಲ್ಲಿ (ರೂಪದ ಅಚ್ಚಿನಲ್ಲಿ) ಒಂದು ಪುಟ್ಟ ಪಾತ್ ಇಟ್ಟು, ಅದರ ಫಿಲ್ ಅನ್ನು, ಅಂದರೆ ಒಳಗೆ ತುಂಬುವ ಬಣ್ಣವನ್ನು, ಬಟನ್‌ನ ಫೋರ್‌ಗ್ರೌಂಡ್‌ಗೆ ಕಟ್ಟಿ. ಬರಹದ ಬಣ್ಣ ಬದಲಾದರೆ ಐಕಾನ್ ಕೂಡ ಬದಲಾಗುತ್ತದೆ. ಬಟನ್ ಒತ್ತಲಾಗದ ಸ್ಥಿತಿಯಲ್ಲಿ ಬೇಕಾಗುವ ಬೂದು ಬಣ್ಣಕ್ಕೆಂದು ಸುಮ್ನೆ ಇನ್ನೊಂದು ಚಿತ್ರ ಬೇಡ.

ಇಲ್ಲಿ ಎಡವುವ ಜಾಗವೊಂದಿದೆ, ಹುಷಾರು. ಜಾಗಕ್ಕೆ ತಕ್ಕಂತೆ ಹಿಗ್ಗಲೆಂದು ಸ್ಟ್ರೆಚ್ ಅನ್ನು ಯೂನಿಫಾರ್ಮ್ ಮಾಡಿದರೆ ಪಾತ್ ಆಕಾರದ ಅಂಚನ್ನಷ್ಟೇ ಅಳೆಯುತ್ತದೆ, ಸುತ್ತಲಿನ ಖಾಲಿ ಜಾಗವನ್ನಲ್ಲ. ನೀವು ಬೇಕೆಂದೇ ಚಿಕ್ಕದಾಗಿ ಬರೆದ ಕಾಫಿ ಹಣ್ಣು ಮೂಟೆಯಷ್ಟೇ ದೊಡ್ಡದಾಗಿ ಕೂರುತ್ತದೆ. ಎಲ್ಲವನ್ನೂ 24×24 ಚೌಕದಲ್ಲಿ ಬರೆದು, ಅದೇ ಅಳತೆಯ ಕ್ಯಾನ್ವಾಸ್‌ನಲ್ಲಿ ಪಾತ್ ಇಟ್ಟು, ಹೊರಗೆ ಒಳಗಿನದನ್ನೆಲ್ಲ ಒಟ್ಟಿಗೆ ಹಿಗ್ಗಿಸುವ ವ್ಯೂಬಾಕ್ಸ್ ಹಾಕಿ.

ವೆಕ್ಟರ್ ಆದರೂ ಚಿಕ್ಕ ಅಳತೆಯಲ್ಲಿ ಮಸುಕಾಗುತ್ತದೆ. 16 ಪಿಕ್ಸೆಲ್‌ನ ಐಕಾನ್ ವಿಂಡೋಸ್‌ನ 125% ಸ್ಕೇಲ್‌ನಲ್ಲಿ 20 ಆಗುತ್ತದೆ, ಗೆರೆ ಎರಡು ಪಿಕ್ಸೆಲ್‌ಗಳ ನಡುವೆ ಬೀಳಬಹುದು. 100, 125, 150 ಮೂರರಲ್ಲೂ ನೋಡಿ. ನಾನು ಮಳೆಮಾಪಕಕ್ಕೆ ಹತ್ತು ಗೆರೆ ಎಳೆದಿದ್ದೆ. ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನಲ್ಲಿ (ಸೆಂಟು ಅಂದರೆ ಇಂಚಿನ ನೂರರಲ್ಲೊಂದು ಪಾಲು) ಬರೆಯುತ್ತಾರಲ್ಲ, ಗೆರೆ ಜಾಸ್ತಿ ಇದ್ದರೆ ಚೆನ್ನ ಅಂದುಕೊಂಡೆ. 16ರಲ್ಲಿ ಅದು ಬರೀ ಕಪ್ಪು ಕಲೆಯಾಯಿತು. ಆ ಅಳತೆಗೆಂದೇ ಬೇರೆ ಬರೆದು ಮೂರೇ ಗೆರೆ ಉಳಿಸಿದೆ. ತೋಟದ ಲೆಕ್ಕ ಬರೆಯುವ ರೈಟರ್ ನೋಡಿದವರೇ, “ಮಳೆ ಲೆಕ್ಕ ಇಲ್ಲಿದೆ ನೋಡಿ” ಅಂದರು.